ಹಳದಿ ಹೆಬ್ಬೆಟ್ಟು

ಮಾರ್ಚ್ 3, ಸೋಮವಾರ. ಸಂಜೆ 5.20

ಎಂಟನೇ ಡಬ್ಬಿ ಮುಗಿಯಿತು. ನೂರು ಕೋಶಕ್ಕೆ ನೂರು ಗೆರೆ. ಕತ್ತು ಹಿಡಿದಿದೆ. ಪೆನ್ನಿನ ತುದಿ ಸವೆದಿದೆ, ಹೊಸದು ಕೇಳಬೇಕು… ಕೇಳಿದರೆ ಫಾರಂ ತುಂಬಬೇಕು. ಸವೆದದ್ದೇ ಇರಲಿ.

ಇನ್ನೂ ನಲವತ್ತಿವೆ. ಒಂದು ಡಬ್ಬಿ ಅಂದರೆ ಒಂದು ಇಲಿಯ ಹೃದಯ. ತೆಳ್ಳಗೆ ಕುಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿದ್ದು. ಸ್ಕ್ರೀನ್ ಮೇಲೆ ಸ್ನಾಯುಕೋಶದ ಅಂಚಿನ ಸುತ್ತ ಪೆನ್ ಓಡಿಸಿದರೆ ಎಷ್ಟು ದಪ್ಪ ಎಂದು ಕಂಪ್ಯೂಟರ್ ಹೇಳುತ್ತದೆ. ನೇರ ಕುಯ್ದ ಕೋಶ ಮಾತ್ರ ಅಳೆಯಬೇಕು, ಓರೆಯಾಗಿ ಕುಯ್ದದ್ದನ್ನು ಬಿಡಬೇಕು. ಯಾವುದು ಓರೆ ಎನ್ನುವುದು ನನ್ನ ಕಣ್ಣಿನ ತೀರ್ಮಾನ.

ಹದಿನಾರು ಇಲಿಗಳನ್ನು ಸುಮ್ಮನೆ ಬಿಟ್ಟಿದ್ದಾರೆ. ಹದಿನಾರರ ದೊಡ್ಡ ರಕ್ತನಾಳವನ್ನು ಕಿರಿದಾಗಿಸಲು ಕ್ಲಿಪ್. ರಕ್ತವನ್ನು ತಳ್ಳಿ ತಳ್ಳಿ ಹೃದಯ ದಪ್ಪಗಾಗುತ್ತದೆ. ಉಳಿದ ಹದಿನಾರಕ್ಕೆ ಕ್ಲಿಪ್ಪೂ ಉಂಟು, ಊಟದಲ್ಲಿ ಈರುಳ್ಳಿ ಸಿಪ್ಪೆಯ ಪುಡಿಯೂ ಉಂಟು. ಸಿಪ್ಪೆಯಲ್ಲಿ ಫ್ಲೇವನಾಯ್ಡ್ ಎಂಬ ಸತ್ವ, ಹಳದಿ ಬಣ್ಣದ್ದು. ಅದು ಹೃದಯ ದಪ್ಪಗಾಗುವುದನ್ನು ತಡೆಯುತ್ತದೆಯೇ ಎನ್ನುವುದು ನಮ್ಮ ಮೇಡಂ ನಾಲ್ಕು ವರ್ಷದಿಂದ ಹಿಡಿದು ಕೂತ ಪ್ರಶ್ನೆ. ಯಾವ ಡಬ್ಬಿ ಯಾವ ಗುಂಪಿನದು ಎಂದು ನನಗೆ ಗೊತ್ತಿರಬಾರದು. ಪಟ್ಟಿ ಲೆಕ್ಕದ ವಿಭಾಗದ ಬೀರುವಿನಲ್ಲಿ, ಅಂಟಿಸಿದ ಲಕೋಟೆಯೊಳಗೆ.

ಶನಿವಾರ ಅಕ್ಕನಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಯಿತು. ತನ್ನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವಾಗ ಎರಡು ಸಲ ತಲೆ ಸುತ್ತಿ ಮೇಜು ಹಿಡಿದುಕೊಂಡಿದ್ದಳಂತೆ. ನನಗೆ ಹೇಳಿದ್ದು ಮೂರನೇ ಸಲಕ್ಕೆ. ಹೃದಯದ ಗೋಡೆ ಹದಿನಾಲ್ಕು ಮಿಲಿಮೀಟರ್. ಹನ್ನೊಂದರ ಒಳಗಿರಬೇಕಿತ್ತು. ಬಿಪಿ ಬಹಳ ದಿನದಿಂದ ಇದ್ದಿರಬೇಕು ಎಂದರು ಡಾಕ್ಟರ್. ಎರಡು ಮಾತ್ರೆ. ಉಪ್ಪು ಕಡಿಮೆ.

ಇಪ್ಪತ್ತೊಂದು ವರ್ಷದಿಂದ ದಪ್ಪ ಹೃದಯ ನೋಡುತ್ತಿದ್ದೇನೆ. ಮನೆಯವರದ್ದು ನೋಡಿದ್ದು ಇದೇ ಮೊದಲು. ಅಮ್ಮನದ್ದನ್ನು ಯಾರೂ ನೋಡಿರಲಿಲ್ಲ… ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ, ಅಷ್ಟೇ. ಆಗ ನನಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತು. ಆಮೇಲೆ ಸಾಕಿದವಳು ಇವಳೇ.


ಮಾರ್ಚ್ 5, ಬುಧವಾರ

ಇವತ್ತೊಂದು ತಮಾಷೆ. ಹನ್ನೆರಡನೇ ಡಬ್ಬಿ ತೆರೆಯುವಾಗ ಚೀಟಿಯ ಮೂಲೆಯಲ್ಲಿ ಹಳದಿ ಗುರುತು. ಹೆಬ್ಬೆಟ್ಟು! ಸುತ್ತುಸುತ್ತು ಗೆರೆ ಸಹಿತ. ಹಿಂದಿನವನ್ನೂ ತಿರುಗಿಸಿ ನೋಡಿದೆ. ಹನ್ನೊಂದರಲ್ಲಿ ಮೂರಕ್ಕಿದೆ. ಉಳಿದವಕ್ಕಿಲ್ಲ.

ಡಬ್ಬಿಗೆ ಚೀಟಿ ಅಂಟಿಸುವುದು ಇಲಿಮಾವನ ಕೆಲಸ. ಇಲಿಗಳನ್ನು ನೋಡಿಕೊಳ್ಳುವವರು, ಇಡೀ ಲ್ಯಾಬಿಗೇ ಮಾವ. ಇಲಿಗಳೆಲ್ಲ ಅವರಿಗೆ ಸೊಸೆಯಂದಿರು. "ಒಂದು ಗೂಡು ಮುಗಿಸಿದ್ಮೇಲೆ ಕೈ ತೊಳೆದೇ ಇನ್ನೊಂದು ಗೂಡು ಮುಟ್ಟೋದು, ನನ್ನ ಹತ್ರ ಗಲೀಜು ನಡೆಯಲ್ಲ" ಎನ್ನುತ್ತಾರೆ. ನಿಜವೇ. ಊಟ ಹಾಕುವುದು, ಆ ಗೂಡಿನ ಇಲಿಗಳಿಗೆಂದು ಇಟ್ಟ ಖಾಲಿ ಡಬ್ಬಿಗಳಿಗೆ ಮುಂಚೆಯೇ ಚೀಟಿ ಒತ್ತುವುದು, ಕೈ ತೊಳೆಯುವುದು. ಪುಡಿ ಕಲಸಿದ ಊಟ ಹಾಕಿದಾಗ ಹೆಬ್ಬೆಟ್ಟು ಹಳದಿಯಾಗಿರುತ್ತದೆ, ಅಷ್ಟೇ.

ನಗು ಬಂತು. ಬೀರು, ಬೀಗ, ಲಕೋಟೆ ಎಲ್ಲ ಇಟ್ಟು, ಉತ್ತರವನ್ನು ಡಬ್ಬಿಯ ಮೇಲೆಯೇ ಒತ್ತಿದ್ದಾರೆ. ಮೇಡಂಗೆ ಹೇಳಬೇಕು. ಅವರು ಊರಲ್ಲಿಲ್ಲ. ಬಂದ ಮೇಲೆ ಹೇಳಿದರಾಯಿತು. ನಾನೇನು ಗುರುತು ನೋಡಿ ಅಳೆಯುವವನೇ? ನನ್ನ ಕೈಗೆ ಇಪ್ಪತ್ತೊಂದು ವರ್ಷ ವಯಸ್ಸು.


ಮಾರ್ಚ್ 12

ಅಕ್ಕನಿಗೆ ಒಣಕೆಮ್ಮು. ಮಾತ್ರೆಯಿಂದಲೇ ಎಂದು ಅವಳ ವಾದ. ಅಳತೆ ತೆಗೆಯುವಾಗ ಗಿರಾಕಿಯ ಮುಖದ ಮೇಲೇ ಕೆಮ್ಮು ಬರುತ್ತದಂತೆ.

"ಅಲ್ವೋ ತಮ್ಮಾ, ಹೃದಯ ದೊಡ್ಡದು ಅಂತ ಜನ ಹೊಗಳ್ತಾರೆ. ನಿಮ್ಮ ಡಾಕ್ಟರ್ ಯಾಕೋ ಬೈತಾರೆ?"

"ದೊಡ್ಡದಾದ್ರೆ ಪರವಾಗಿಲ್ಲ ಅಕ್ಕ. ಗೋಡೆ ಒಳಗಡೆಗೆ ದಪ್ಪ ಆಗುತ್ತೆ. ರಕ್ತ ತುಂಬೋಕೆ ಜಾಗಾನೇ ಇರಲ್ಲ."

"ಓ… ಕೋಟಿಗೆ ಒಳಗಿಂದ ಹತ್ತಿ ತುರುಕಿದ ಹಾಗೆ. ಹೊರಗೆ ನೋಡೋಕೆ ಚೆಂದ, ಮೈ ಮಾತ್ರ ಹಿಡಿಸಲ್ಲ."

ನಾನು ಇಷ್ಟು ವರ್ಷದಲ್ಲಿ ಯಾರಿಗೂ ಇಷ್ಟು ಚೆನ್ನಾಗಿ ವಿವರಿಸಿಲ್ಲ.


ಮಾರ್ಚ್ 20, ಗುರುವಾರ

ಇಪ್ಪತ್ತೊಂಬತ್ತು ಡಬ್ಬಿ ಆಯಿತು. ಹಳದಿ ಗುರುತಿನವು ಒಂದಾದ ಮೇಲೊಂದು ಚಿಕ್ಕದಾಗಿ ಬರುತ್ತಿವೆ. ಕ್ಲಿಪ್ ಹಾಕಿದ ಹೃದಯ, ಆದರೂ ಕೋಶ ತೆಳ್ಳಗೆ. ಖುಷಿ ತಡೆಯಲಾಗಲಿಲ್ಲ. ಮೇಡಂ ಬಂದಿದ್ದಾರೆ, ಕಾನ್ಫರೆನ್ಸ್ ಗಡಿಬಿಡಿಯಲ್ಲಿದ್ದಾರೆ. ಗುರುತಿನ ವಿಷಯ ಎತ್ತಲಿಲ್ಲ. ಮರೆತೆ ಅಂದುಕೊಂಡಿದ್ದೇನೆ.

ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ಏನೋ, ಮುಖ ಅರಳಿದೆ?"

"ಸಿಪ್ಪೆ ಕೆಲಸ ಮಾಡ್ತಾ ಇದೆ ಅಕ್ಕ."

"ಯಾವ ಸಿಪ್ಪೆ?"

ಹೇಳಿದೆ. ಹೇಳಬಾರದಿತ್ತೇನೋ… ಹೇಳಿದೆ.


ಏಪ್ರಿಲ್ 7

ನಲವತ್ತೆಂಟೂ ಮುಗಿದು ಮೂರು ದಿನ. ಲಕೋಟೆ ತೆರೆಯುವುದು ಮೇ ಹನ್ನೆರಡಕ್ಕೆ. ಆಮೇಲೆ ಕಾನ್ಫರೆನ್ಸಿಗೆ ಮೇಡಂ ಹೊರಡುತ್ತಾರೆ.

ಮನೆಯಲ್ಲಿ ಒಲೆಯ ಪಕ್ಕ ಒಂದು ಗಾಜಿನ ಜಾಡಿ. ತುಂಬ ಈರುಳ್ಳಿ ಸಿಪ್ಪೆ. ಅಕ್ಕ ದಿನಾ ಬೆಳಿಗ್ಗೆ ಕುದಿಸಿ, ಸೋಸಿ, ಲೋಟ ತುಂಬ ಕುಡಿಯುತ್ತಾಳಂತೆ. ಎರಡು ವಾರದಿಂದ.

"ಮಾತ್ರೆ ಜೊತೆಗೆ ತಾನೇ?"

"ಹೂಂ."

ಅವಳ 'ಹೂಂ'ನಲ್ಲಿ ಹತ್ತು ಬಗೆ ಇದೆ. ಇದು ಯಾವ ಬಗೆಯದು ಎಂದು ಕೇಳಲು ಹೋಗಲಿಲ್ಲ. ಕೆಮ್ಮು ನಿಂತಿದೆ. ಮನೆ ಶಾಂತವಾಗಿದೆ.


ಏಪ್ರಿಲ್ 22, ಮಂಗಳವಾರ

ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅಕ್ಕನ ಗುಂಡಿ ಡಬ್ಬ ತೆಗೆದೆ. ಬಿಳಿ ಗುಂಡಿಗಳ ನಡುವೆ ಮಾತ್ರೆಯ ಹಾಳೆಗಳು, ಒಡೆಯದೆ ಹಾಗೇ ಇವೆ. ಲೆಕ್ಕ ಹಾಕಿದರೆ ನಾಲ್ಕು ವಾರದ್ದು.

ಡಬ್ಬ ಹಿಡಿದುಕೊಂಡೇ ಮುಂದಿನ ಕೋಣೆಗೆ ಹೋದೆ. ಅದು ಅವಳ ಅಂಗಡಿ. ಮೆಷಿನ್ ಓಡುತ್ತಿತ್ತು.

"ಏನಿದು?"

ನೋಡಿದಳು. ಹೊಲಿಗೆ ನಿಲ್ಲಿಸಲಿಲ್ಲ. "ನೀನೇ ಹೇಳಿದ್ದಲ್ವಾ, ಸಿಪ್ಪೆ ಕೆಲಸ ಮಾಡುತ್ತೆ ಅಂತ."

"ಇಲೀಲಿ ಅಕ್ಕ!"

"ಇಲಿಗಾದ್ರೆ ಒಳ್ಳೇದು, ನಿನ್ನ ಅಕ್ಕನಿಗೆ ಬೇಡ. ಹೌದಾ?"

"ತಮಾಷೆ ಮಾಡಬೇಡ. ಬಿಪಿ ಏರಿದ್ರೆ ಗೊತ್ತೇ ಆಗಲ್ಲ. ಅಮ್ಮ—"

ಮೆಷಿನ್ ನಿಂತಿತು. ಅಮ್ಮನ ಮಾತು ನಮ್ಮಲ್ಲಿ ಬರುವುದಿಲ್ಲ.

ಆಮೇಲೆ ಅವಳೇ ಹೇಳಿದಳು. "ಸರಿ. ಒಂದು ಮಾತು. ನಿನ್ನ ಲಕೋಟೆ ಬರೋವರೆಗೆ ಸಿಪ್ಪೆ. ಅದರಲ್ಲಿ ಕೆಲಸ ಮಾಡಲ್ಲ ಅಂತ ಬಂದ್ರೆ ಮಾತ್ರೆ. ಮಾಡುತ್ತೆ ಅಂತ ಬಂದ್ರೆ ನೀನು ಬಾಯಿ ಮುಚ್ಕೊಂಡಿರಬೇಕು. ನಾನು ಡಾಕ್ಟರನ್ನ ನಂಬೋದಿಲ್ಲ ಅಂತಲ್ಲ. ನಿನ್ನನ್ನ ಜಾಸ್ತಿ ನಂಬ್ತೀನಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಲ್ಲಿ ವೈದ್ಯ ನಾನು. ಲಕೋಟೆಯಲ್ಲಿ ಏನು ಬರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಹೆದರಿಕೆ.


ಏಪ್ರಿಲ್ 24, ಗುರುವಾರ. ಬೆಳಿಗ್ಗೆ 8.40

ಕೆಲಸಕ್ಕೆ ಹೊರಟಿದ್ದವನು ಹೋಗದೆ ಕೂತು ಬರೆಯುತ್ತಿದ್ದೇನೆ.

ಒಬ್ಬರು ಪ್ಯಾಂಟಿನ ಅಳತೆ ಕೊಡಲು ಬಂದಿದ್ದರು. ಅಕ್ಕ ಟೇಪ್ ತೆಗೆಯುವ ಮೊದಲೇ, "ಸೊಂಟ ಮೂವತ್ತಾರು" ಎಂದರು. ಅಕ್ಕ ಟೇಪನ್ನು ವಾಪಸ್ ಕೊರಳಿಗೆ ಹಾಕಿಕೊಂಡಳು.

"ಹೇಳಿಬಿಟ್ರಲ್ಲ! ಈಗ ನಾನು ಅಳೆದ್ರೆ ಮೂವತ್ತಾರೇ ಬರುತ್ತೆ. ಹೊಟ್ಟೆ ಮೂವತ್ತೆಂಟಿದ್ರೂ ಕೈ ಸ್ವಲ್ಪ ಬಿಗಿ ಹಿಡಿಯುತ್ತೆ. ಕೈಗೆ ಗೊತ್ತೂ ಆಗಲ್ಲ. ಕೂತ್ಕೊಳ್ಳಿ, ನೀವು ಹೇಳಿದ್ದು ನನಗೆ ಮರೀಲಿ."

ಅವರು ನಗುತ್ತಾ ಕೂತರು. ಅಕ್ಕ ಇನ್ನೊಬ್ಬರ ಕೋಟು ಇಸ್ತ್ರಿ ಮಾಡಿದಳು. ನಲವತ್ತು ವರ್ಷದಿಂದ ಹೀಗೇ. ನನಗೂ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದಾಳೆ, ಕಿವಿಗೆ ಬಿದ್ದ ಅಳತೆ ಕೈಗೆ ಇಳಿಯುತ್ತೆ ಅಂತ.

ಚಪ್ಪಲಿ ಮೆಟ್ಟಿಕೊಂಡವನು ಹಾಗೇ ನಿಂತೆ.

ಒಳಗೆ ಬಂದು ಈ ಪುಸ್ತಕ ತಿರುಗಿಸಿದೆ. ಮಾರ್ಚ್ 5: ಹನ್ನೆರಡನೇ ಡಬ್ಬಿಯಲ್ಲಿ ಗುರುತು ಕಂಡದ್ದು. ಅಲ್ಲಿಯವರೆಗೆ ಮುಗಿದಿದ್ದವು ಹನ್ನೊಂದು, ಅವುಗಳಲ್ಲಿ ಹಳದಿ ಮೂರು. ಆ ಮೂರರ ಅಳತೆ ಏನಿತ್ತು?


ಅದೇ ದಿನ, ಮಧ್ಯಾಹ್ನ

ಲ್ಯಾಬಿನಲ್ಲಿ ನೋಡಿದೆ. ಆ ಮೂರೂ ದಪ್ಪ. ಗುರುತಿಲ್ಲದ ದಪ್ಪ ಡಬ್ಬಿಗಳಷ್ಟೇ, ಅಂದರೆ ಸಿಪ್ಪೆ ತಿನ್ನದ ಕ್ಲಿಪ್ ಇಲಿಗಳಷ್ಟೇ ದಪ್ಪ. ಗುರುತು ಕಂಡ ಮೇಲಿನ ಹದಿಮೂರು ಹಳದಿಯೂ ತೆಳ್ಳಗೆ. ಒಂದೂ ಬಿಡದೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ಹಳದಿ ಕಂಡದ್ದೆಲ್ಲ ತೆಳ್ಳಗೆ.

ಮೂರೇ ಡಬ್ಬಿ. ಆಕಸ್ಮಿಕವೂ ಇರಬಹುದು. ಹಾಗೆ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.


ಏಪ್ರಿಲ್ 25

ಇಲಿಮಾವನಿಗೆ ಹನ್ನೆರಡು ಡಬ್ಬಿ ಕೊಟ್ಟೆ. ಆರು ಹಳದಿ, ಆರು ಅಲ್ಲದ್ದು. ಎಲ್ಲವೂ ಕ್ಲಿಪ್ ಹಾಕಿದವೇ; ಗುರುತಿಲ್ಲದವುಗಳಲ್ಲಿ ದಪ್ಪ ಬಂದಿದ್ದವನ್ನಷ್ಟೇ ಆರಿಸಿದೆ. ಗಾಜಿನ ನಂಬರ್ ಮೇಲೂ ಡಬ್ಬಿಯ ಚೀಟಿ ಮೇಲೂ ಕಾಗದ ಅಂಟಿಸಿ, ಕಲಸಿ, ಹೊಸ ನಂಬರ್ ಹಾಕಿ ಕೊಡಿ ಎಂದೆ. ಮೊದಲು ಕೈ ತೊಳೆಯಿರಿ ಎಂದೂ ಹೇಳಿದೆ.

"ನನಗೇ ಕೈ ತೊಳಿ ಅಂತೀಯಾ?" ಮುಖ ಸಪ್ಪೆಯಾಯಿತು. "ಏನಾಯ್ತು ಹೇಳು."

"ಮುಗಿದ ಮೇಲೆ ಹೇಳ್ತೀನಿ ಮಾವ. ತಪ್ಪು ನನ್ನದು."


ಏಪ್ರಿಲ್ 30, ಬುಧವಾರ

ಮುಗಿಯಿತು. ಮೊದಲ ಸಲ ಅಳೆದಾಗ ಎರಡು ಗುಂಪಿನ ನಡುವೆ ನೂರಕ್ಕೆ ಹತ್ತೊಂಬತ್ತರ ವ್ಯತ್ಯಾಸ. ಈಗ, ಕಾಗದ ಅಂಟಿಸಿ ಅಳೆದಾಗ, ನಾಲ್ಕು. ಒಂದೇ ಗಾಜನ್ನು ಎರಡು ದಿನ ಅಳೆದರೆ ನನ್ನಲ್ಲೇ ಅಷ್ಟು ಹೆಚ್ಚುಕಮ್ಮಿ ಬರುತ್ತದೆ.

ಗೆರೆ ತಪ್ಪಿಲ್ಲ. ಗೆರೆ ಎಳೆದದ್ದೆಲ್ಲ ಸರಿಯಾಗಿಯೇ ಇದೆ. ತಪ್ಪಿದ್ದು ಆರಿಸುವುದರಲ್ಲಿ. ಹಳದಿ ಡಬ್ಬಿಯಲ್ಲಿ ದಪ್ಪನೆಯ ಕೋಶ ಸಿಕ್ಕಾಗಲೆಲ್ಲ 'ಇದು ಓರೆ' ಎಂದು ದಾಟಿದ್ದೇನೆ. ತೆಳ್ಳನೆಯದು ಸಿಕ್ಕರೆ ನಿಂತಿದ್ದೇನೆ. ಹದಿಮೂರು ಡಬ್ಬಿ, ಡಬ್ಬಿಗೆ ನೂರು ಸಲ. ಒಂದು ಸಲವೂ ಮೋಸ ಮಾಡುತ್ತಿದ್ದೇನೆ ಎಂದು ಅನಿಸಿಲ್ಲ. ಬೇಕೆಂದು ಮಾಡಿದ್ದರೆ ಕನಿಷ್ಠ ಗೊತ್ತಾದರೂ ಇರುತ್ತಿತ್ತು.

ಯಾಕೆ ಎಂದು ಗೊತ್ತು. ಶನಿವಾರ ಎಕೋ. ಬುಧವಾರ ಗುರುತು ಕಂಡದ್ದು. ನಾನು ಅಳೆಯುತ್ತಿದ್ದದ್ದು ಇಲಿಯ ಹೃದಯವನ್ನಲ್ಲ.

ನಾಚಿಕೆ ಆಗುತ್ತಿದೆ. ಬಹಳ.


ಮೇ 2, ಶುಕ್ರವಾರ

ಮೊದಲು ಅಕ್ಕನಿಗೆ ಹೇಳಿದೆ. ಬೆಳಿಗ್ಗೆ, ಅವಳು ಲೋಟ ಎತ್ತುವ ಮುಂಚೆ.

ಎಲ್ಲ ಕೇಳಿದಳು. "ಹಾಗಾದ್ರೆ ಸಿಪ್ಪೆ ಕೆಲಸ ಮಾಡಲ್ವಾ?"

"ಗೊತ್ತಿಲ್ಲ."

"ಮಾಡುತ್ತೋ ಇಲ್ವೋ, ಒಂದು ಹೇಳು."

"ಅದೇ ಅಕ್ಕ. ಗೊತ್ತಿಲ್ಲ. ಸ್ವಲ್ಪ ಮಾಡಬಹುದು, ಮಾಡದೇನೂ ಇರಬಹುದು. ನನ್ನ ಅಳತೆಯಿಂದ ಹೇಳೋಕಾಗಲ್ಲ."

"ಇಪ್ಪತ್ತೊಂದು ವರ್ಷ ಕೆಲಸ ಮಾಡಿ ಕಲ್ತಿದ್ದು ಇದನ್ನಾ?" ಎಂದಳು. ಬೈಗುಳವಲ್ಲ. ಸುಮ್ಮನೆ ಕೇಳಿದಳು. ಅವಳು ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು. ಕಿತ್ತಳೆ ಹಳದಿ ನೀರು, ಬಟ್ಟೆಗೆ ಹಾಕಿದ್ದರೆ ಚೆನ್ನಾಗಿ ಹಿಡಿಯುತ್ತಿತ್ತು.

"ನಿನ್ನ ಮೇಡಂಗೆ?"

"ಇನ್ನೂ ಇಲ್ಲ. ಕಾನ್ಫರೆನ್ಸ್ ಇದೆ… ನಾಲ್ಕು ವರ್ಷದ ಕೆಲಸ ಅವರದ್ದು. ಇಲಿಮಾವನ ಕೆಲಸಕ್ಕೂ ಏನಾಗುತ್ತೋ. ಬೆಕ್ಕಿಗೆ ಗಂಟೆ ಕಟ್ಟೋದು ಅಂದ್ರೆ—"

"ತಮ್ಮಾ." ಲೋಟ ಕೆಳಗಿಟ್ಟಳು. "ಅಳತೆ ತಪ್ಪಿದ ಬಟ್ಟೆ ಎಷ್ಟು ಚೆಂದ ಹೊಲಿದ್ರೂ ಬಿಚ್ಚಲೇಬೇಕು. ಗಿರಾಕಿ ಹಾಕ್ಕೊಂಡು ನೋಡೋ ಮುಂಚೆ ಬಿಚ್ಚಿದ್ರೆ ಬೈಗುಳ ಕಡಿಮೆ. ಹೋಗು."

ನೀರನ್ನು ಸಿಂಕಿಗೆ ಸುರಿದಳು. ಗುಂಡಿ ಡಬ್ಬ ತೆಗೆದಳು. ಮಾತ್ರೆ ನುಂಗುವಾಗ ಮುಖ ಹಿಂಡಿದಳು, ಚಿಕ್ಕ ಹುಡುಗಿಯ ಹಾಗೆ. ನನಗೆ ಅಳು ಬಂತು. ಮರೆಮಾಚಲಿಲ್ಲ.


ಮೇ 5, ಸೋಮವಾರ

ಹೇಳಿದೆ. ಎರಡೂ ಅಳತೆಯ ಹಾಳೆ, ಡಬ್ಬಿಗಳು, ಈ ಪುಸ್ತಕದ ಮಾರ್ಚ್ 5ರ ಪುಟ, ಎಲ್ಲ ಮೇಜಿನ ಮೇಲಿಟ್ಟೆ. ಮೇಡಂ ಒಂದು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

ಇಲಿಮಾವನನ್ನು ಕರೆಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಡಂ ಬಾಯಿ ತೆರೆಯುವ ಮೊದಲೇ ಮಾವ ಹೆಬ್ಬೆಟ್ಟನ್ನು ಜೇಬಿಗೆ ಹಾಕಿದರು.

"ತೊಳೀತಿದ್ದೆ ಮೇಡಂ. ಪ್ರತಿ ಗೂಡಿಗೂ ತೊಳೀತಿದ್ದೆ."

"ಗೊತ್ತು. ತೊಳೀದೇ ಇದ್ದಿದ್ರೆ ಎಲ್ಲಾ ಡಬ್ಬಿನೂ ಹಳದಿ ಆಗಿರೋದು. ನಾವು ಬಚಾವಾಗ್ತಿದ್ವಿ."

ಮೂವರೂ ನಕ್ಕೆವು. ನಗು ನಿಂತ ಮೇಲೆ ಕೋಣೆ ಖಾಲಿಯಾದ ಹಾಗಾಯಿತು.

ತೀರ್ಮಾನ: ಕಾನ್ಫರೆನ್ಸ್ ಇಲ್ಲ. ಲಕೋಟೆ ಮುಚ್ಚಿಯೇ ಇರುತ್ತದೆ. ಡಬ್ಬಿ ಬದಲಾಯಿಸಿ, ಬೇರೆ ಲ್ಯಾಬಿನ ಇಬ್ಬರು ನಲವತ್ತೆಂಟನ್ನೂ ಹೊಸದಾಗಿ ಅಳೆಯುತ್ತಾರೆ. ನಾನು ಅಳೆಯುವಂತಿಲ್ಲ. ಕುಯ್ಯುವುದು, ಬಣ್ಣ ಹಾಕುವುದು ಮಾತ್ರ. ಇಲಿಮಾವನಿಗೆ ಕೈಗವಸು.

ಹೊರಡುವಾಗ ಮೇಡಂ ಹೇಳಿದರು, "ನೀವು ಹೇಳದೇ ಇದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಥ್ಯಾಂಕ್ಸ್ ಹೇಳಬೇಕು. ಇವತ್ತು ಆಗಲ್ಲ. ಇನ್ನೊಂದು ದಿನ ಹೇಳ್ತೀನಿ."


ಮೇ 16

ಡಾಕ್ಟರ್ ಹತ್ತಿರ. ಅಕ್ಕ ಎಲ್ಲ ಒಪ್ಪಿಕೊಂಡಳು, ಗುಂಡಿ ಡಬ್ಬ ಸಹಿತ. ಬಿಪಿ ಇನ್ನೂ ನೂರ ಎಪ್ಪತ್ತರ ಮೇಲೆ. ಡಾಕ್ಟರ್ ಬೈಯಲಿಲ್ಲ. ಕೆಮ್ಮು ಬಂತು ಎಂದು ಮೊದಲೇ ಹೇಳಿದ್ದರೆ ಆಗಲೇ ಬದಲಾಯಿಸುತ್ತಿದ್ದೆ ಎಂದು ಬೇರೆ ಮಾತ್ರೆ ಬರೆದರು.

"ಅಷ್ಟೇನಾ?" ಎಂದಳು ಅಕ್ಕ.

ಅಷ್ಟೇ. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೆಮ್ಮು ನಿಂತಾಗ ಮನೆ ಶಾಂತವಾಗಿದೆ ಎಂದು ಬರೆದುಕೊಂಡವನು ನಾನು.

ಸಿಪ್ಪೆ ನೀರೂ ಜೊತೆಗೆ ಕುಡಿಯಲೇ ಎಂದು ಕೇಳಿದಳು. "ಸದ್ಯಕ್ಕೆ ಬೇಡ. ಎರಡೂ ಒಟ್ಟಿಗೆ ತಗೊಂಡ್ರೆ ಯಾವುದು ಏನು ಮಾಡ್ತು ಅಂತ ಹೇಗೆ ಗೊತ್ತಾಗುತ್ತೆ?" ಎಂದರು ಡಾಕ್ಟರ್. ಅಕ್ಕ ನನ್ನ ಕಡೆ ತಿರುಗಿ, "ನಿಮ್ಮವರೆಲ್ಲ ಒಂದೇ ಥರ ಮಾತಾಡ್ತೀರಿ" ಎಂದಳು.


ಜುಲೈ 14, ಸೋಮವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ನಡೆದಿಲ್ಲ, ಅದೇ ಒಳ್ಳೆಯದು. ಕುಯ್ದೆ. ಬಣ್ಣ ಹಾಕಿದೆ. ಮನೆಗೆ ಬಂದೆ.

ಇವತ್ತು ಲಕೋಟೆ ತೆರೆದರು. ಬೇರೆ ಲ್ಯಾಬಿನವರ ಅಳತೆಯಲ್ಲಿ ಸಿಪ್ಪೆ ತಿಂದ ಇಲಿಗಳ ಕೋಶ ನೂರಕ್ಕೆ ಐದು ತೆಳ್ಳಗೆ. ವ್ಯತ್ಯಾಸ ಇದೆ, ಇದೆ ಎಂದು ಗಟ್ಟಿಯಾಗಿ ಹೇಳುವಷ್ಟಿಲ್ಲ. ಹೆಚ್ಚು ಇಲಿ, ಹೆಚ್ಚು ದಿನ ಬೇಕು ಎಂದರು ಲೆಕ್ಕದವರು. ಮೇಡಂ ಹಾಗೇ ಬರೆಯುತ್ತಾರಂತೆ, ಇದ್ದದ್ದು ಇದ್ದ ಹಾಗೆ. ಇಲಿಮಾವ ಮಾತ್ರ ಸೊಸೆಯಂದಿರ ಪರವಾಗಿ ನೊಂದುಕೊಂಡರು: "ಐದು ಅಂದ್ರೆ ಪಾಸಾ ಫೇಲಾ?"

ಮೆಟ್ಟಿಲ ಹತ್ತಿರ ಮೇಡಂ ಹಿಂದಿನಿಂದ ಕರೆದರು. "ರೀ. ಒಂದು ಮಾತು ಬಾಕಿ ಇಟ್ಟಿದ್ದೆ. ಥ್ಯಾಂಕ್ಸ್."

ಅಷ್ಟು ಹೇಳಿ ಮೇಲೆ ಹೋದರು. ನಾನು ಸ್ವಲ್ಪ ಹೊತ್ತು ಅಲ್ಲೇ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದೆ.


ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 10.50. ಎಕೋ ಕೋಣೆಯ ಹೊರಗೆ, ಬೆಂಚಿನ ಮೇಲೆ

ಆರು ತಿಂಗಳಾಯಿತು. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ. ಬಿಪಿ ಇಳಿದಿದೆ. ಗೋಡೆ ಏನಾಗಿದೆಯೋ. ಅದು ಬೇಗ ಕರಗುವಂಥದ್ದಲ್ಲ ಎಂದು ಅಕ್ಕನಿಗೆ ಮೊದಲೇ ಹೇಳಿದ್ದೇನೆ. ನನಗೂ ಹೇಳಿಕೊಂಡಿದ್ದೇನೆ.

ಒಳಗೆ ಜೊತೆಗಿದ್ದೆ. ಅಕ್ಕ ಎಡಮಗ್ಗುಲಾಗಿ ಮಲಗಿದ್ದಳು. ಎಕೋ ಮಾಡುವವರು ಕಡ್ಡಿಗೆ ಜೆಲ್ ಹಚ್ಚುತ್ತಾ ವಾಡಿಕೆಯಂತೆ ಕೇಳಿದರು, "ಹಳೇ ರಿಪೋರ್ಟ್ ತಂದಿದ್ದೀರಾ? ಹೋದ ಸಲ ಎಷ್ಟಿತ್ತು?"

ರಿಪೋರ್ಟ್ ನನ್ನ ಕೈಯಲ್ಲೇ ಇತ್ತು. ಚಾಚಿದೆ.

"ತಮ್ಮಾ, ಕೊಡಬೇಡ." ಮಲಗಿದಲ್ಲಿಂದಲೇ. "ಅವರು ಮೊದಲು ಅಳೀಲಿ. ಆಮೇಲೆ ಹೇಳೋಣ."

ಅವರು ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. "ಮಾತ್ರೆ ಶುರು ಮಾಡಿದ್ದೀರಾ ಅಂತಾದ್ರೂ…"

"ಅದೂ ಹೇಳಲ್ಲ."

ರಿಪೋರ್ಟನ್ನು ಮಡಚಿ ಅದರ ಮೇಲೆಯೇ ಕೂತೆ. ಅವರು ನಕ್ಕು ಸ್ಕ್ರೀನಿಗೆ ತಿರುಗಿದರು. ಗೋಡೆ ಕಾಣುತ್ತಿತ್ತು, ಬೂದುಬಣ್ಣದ್ದು, ಹತ್ತಿರ ಬರುತ್ತಾ ದೂರ ಹೋಗುತ್ತಾ. ನಾನು ನೋಡಲಿಲ್ಲ. ನೋಡಿದರೆ ಕಣ್ಣೇ ಅಳೆದುಬಿಡುತ್ತದೆ. ಅಕ್ಕನ ಪಾದ ನೋಡುತ್ತಾ ಕೂತೆ. ಮೂರು ಸಲ ಅಳೆದರು. ಮೂರು ಸಲ ಕೀಲಿ ಒತ್ತಿದ ಸದ್ದು.

ಈಗ ಪ್ರಿಂಟ್ ಆಗುತ್ತಿದೆ. ಅಕ್ಕ ಕಿಟಕಿಯ ಹತ್ತಿರ ನಿಂತಿದ್ದಾಳೆ, ಟೇಪ್ ಕೊರಳಲ್ಲೇ ಇದೆ, ತೆಗೆದಿಡಲು ಮರೆತು ಬಂದಿದ್ದಾಳೆ. ನಮ್ಮ ನಂಬರ್ ಕೂಗಿದರು. ಕಾಗದ ತೆಗೆದುಕೊಂಡಳು. ನನಗೆ ಕೊಡದೆ ತಾನೇ ಓದುತ್ತಿದ್ದಾಳೆ, ಬೆರಳಿಟ್ಟು, ಸಾಲು ಸಾಲಾಗಿ. ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ಹುಡುಕುತ್ತಿದ್ದಾಳೆ, "ತಮ್ಮಾ, ಹೋದ ಸಲದ್ದು ತೆಗಿ, ಈಗ ತೆಗಿ—"